ಒಂದು ಶಾಲು, ಒಂಬತ್ತು ಮಂದಿ, ಒಂದರ ಬಸ್ಸು

ಅಂಪೈರ್ ಆಗಾಂವ ಮೊದಲ ಸೆಂಚುರಿ ಹೊಡದಿರಬೇಕಂತ ಎಲ್ಲೆರೆ ರೂಲ್ ಅದೇನ್ರಿ? ನೀವು ಬಾಯಿಬಿಟ್ಟು ಕೇಳಿಲ್ಲ ಖರೆ, ಮಾರಿ ನೋಡಿದ್ರ ಗೊತ್ತಾಗ್ತದ. ಹೌದ್ರಿ, ಇಂಜಿನಿಯರಿಂಗ್ ನಡುವೇ ಬಿಟ್ಟಾಂವ ನಾನೇ. ಬಿಡಿಸಿದ್ದು ಗಣಿತಾನೇ. ಅದಕ್ಕೇ ಊರೂರಿಗೆ ಹೋಗಿ ಆರು, ಏಳು, ಎಂಟನೇತ್ತೆ ಹುಡುಗ್ರಿಗೆ ಪುಗಸಟ್ಟೆ ಗಣಿತ ಸ್ಪರ್ಧಾ ಮಾಡಾಕತ್ತೇನಿ, ನನ್ನ ಸೇಡು ಅವರರೆ ತೀರಸ್ಲಿ ಅಂತ. ಜೋಡಿಗೆ ಒಬ್ಬರು ರಿಟೈರ್ಡ್ ಹೆಡ್ ಮಾಸ್ತರ್ ಅದಾರ. ಪ್ರಶ್ನೆ ನಂದು, ಹಾಲ್ ಹಿಡಿಯೋದು ಅವರದು. ನಮ್ಮ ಸ್ಪರ್ಧಾದಾಗ ಎಲ್ಲಾ ಆಗ್ತದ. ಆಗಲಾರದ್ದು ಒಂದೇ, ಗಣಿತ.

ಜೇವರ್ಗಿ

'ಒಂದು ಹೊಲದ ತೊಗರಿ ಕೊಯ್ಯಾಕ ನಾಲ್ಕು ಮಂದಿಗೆ ಆರು ದಿನ. ಎಂಟು ಮಂದಿಗೆ?' ಅಂತ ಕೇಳಿದ್ದೆ. ಒಬ್ಬಾಂವ ಎಂಟು ದಿನ ಅಂತ ಬರದಿದ್ದ.

'ಹ್ಯಾಂಗ್ ಲೇ?'

'ಸರ, ಹೆಚ್ಚಿಗಿ ಬಂದ ನಾಲ್ಕು ಮಂದಿ ನಮ್ಮ ಕಾಕಾನ ಮನ್ಯಾವ್ರು. ಮೊದಲ ಚಾ ಆಗ್ಬೇಕು, ಆಮ್ಯಾಲ ಹಳೇ ಜಗಳ, ಆಮ್ಯಾಲ ತೊಗರಿ.'

ಅರ್ಧ ಮಾರ್ಕ್ ಕೊಟ್ಟೆ. ಹೆಡ್ ಮಾಸ್ತರ್ ಪೇಪರ್ ಕಸ್ಕೊಂಡು ಪೂರಾ ಮಾಡಿದ್ರು: 'ಅವನ ಕಾಕಾ ನಂಗ ಗೊತ್ತದಾನ.'

ಅಫಜಲಪುರ

ಇಲ್ಲಿ ನಾ ಮಾಸ್ತರ್ ಮಾತಿಗೆ ಸೋತೆ. 'ಹಿರಿಯರ್ನ ಕರದು ಶಾಲು ಹೊದಿಸ್ಲಿಲ್ಲಂದ್ರ ಹಾಲ್ ಸಿಗಂಗಿಲ್ಲ ತಮ್ಮಾ' ಅಂದ್ರು. ಹೊದಿಸಿದ್ವಿ. ಹೊದಿಸ್ಕೊಂಡವರೆಲ್ಲಾ ಮಾತಾಡಿದ್ರು. ಒಬ್ಬರು ತಮ್ಮ ಹಲ್ಲಿನ ಆಪರೇಷನ್ ಬಗ್ಗೆ ಮಾತಾಡಿದ್ರು. ಪೇಪರ್ ಹಂಚೂದರಾಗ ಅತನೂರ ಬಸ್ ಬಂತು, ಅರ್ಧ ಹುಡುಗ್ರು ಓಡಿದ್ರು.

ಮಾಸ್ತರ್ ಬಂದು ಕೈ ಕುಲುಕಿದ್ರು. 'ಕಾರ್ಯಕ್ರಮ ಭಾರಿ ಆತು!'

'ಸರ, ಪರೀಕ್ಷೆ?'

'ಯಾವ ಪರೀಕ್ಷೆ?'

ಆಳಂದ

ಎಲ್ಲಾ ಊರಿನ ಹುಡುಗ್ರನ್ನೂ ಸೇರಿಸಿ ಆಳಂದದಾಗ ಫೈನಲ್ ಇಟ್ಟೆ. ಇದೂ ಕೆಟ್ರ ಬಂದ್ ಮಾಡೂದು ಅಂತ ಮಾಸ್ತರ್‌ಗೆ ಹೇಳೇ ಬಿಟ್ಟಿದ್ದೆ.

ಗೇಟಿನಾಗೇ ಹಿರೋಳ್ಳಿಯ ಎಂಟನೇತ್ತೆ ಹುಡುಗಿ ಒಬ್ಬಾಕಿ ಹಿಡದ್ಲು. 'ಸರ, ಒಂದರ ಬಸ್ಸಿಗೆ ಹೋಗ್ಲಿಲ್ಲಂದ್ರ ನಮ್ಮಪ್ಪ ಮತ್ತ ಕಳಸಂಗಿಲ್ಲ. ಇವತ್ತರೆ ಪರೀಕ್ಷೆ ಆಗ್ತದಲ್ರಿ?'

'ಆಗ್ತದವ್ವಾ' ಅಂದೆ. ಒಳಗ ಹೋಗಿ ನೋಡಿದ್ರ ಸ್ಟೇಜ್ ಮ್ಯಾಲ ಮಾಸ್ತರ್ ಹಿಡದು ಒಂಬತ್ತು ಮಂದಿ!

'ಹೆದರಬ್ಯಾಡೋ, ಒಂದೇ ಶಾಲು ತಂದೇನಿ' ಅಂದ್ರು ಮಾಸ್ತರ್. ಒಬ್ಬರಿಗೆ ಹೊದಿಸೂದು, ಫೋಟೋ ಹೊಡಿಯೂದು, ಅದೇ ಶಾಲು ತಗದು ಮುಂದಿನವರಿಗೆ. ಹಿಂಗ ಎಲ್ಲಾರ್ದೂ ಲಗೂನ ಮುಗೀತು. ಅಷ್ಟರಾಗ ಒಬ್ಬರು ಎದ್ದು, 'ಮಾಸ್ತರು ನಮಗ ಹೊದಿಸಿದ್ರು. ನಾವು ಅವರಿಗೆ ಹೊದಿಸ್ಲಿಲ್ಲಂದ್ರ ಹ್ಯಾಂಗ್ರಿ?' ಅಂತ ಮಾಸ್ತರ್‌ಗೆ ಹೊದಿಸಿದ್ರು. ಬಾಜೂದವರಿಗೆ ಸಿಟ್ಟು ಬಂತು. 'ಹಂಗಾದ್ರ ನಾವೂ ಹೊದಿಸ್ತೇವಿ. ಎಲ್ಲಾರೂ ಎಲ್ಲಾರಿಗೂ ಹೊದಿಸ್ಲಿ!' ಚಪ್ಪಾಳಿ.

ಹಿರೋಳ್ಳಿ ಹುಡುಗಿ ಎದ್ದು ನಿಂತ್ಲು.

'ಸರ, ಒಂಬತ್ತು ಮಂದಿ ಒಬ್ಬೊಬ್ಬರು ಉಳಿದ ಎಂಟು ಮಂದಿಗೆ ಹೊದಿಸಿದ್ರ ಎಪ್ಪತ್ತೆರಡು ಸಲ ಆಗ್ತದ. ಫೋಟೋ ಹಿಡದು ಒಂದಕ್ಕ ಎರಡು ನಿಮಿಷ ಅಂದ್ರೂ ನೂರಾ ನಲವತ್ತನಾಲ್ಕು ನಿಮಿಷ. ಈಗ ಹನ್ನೊಂದೂವರಿ. ನಮ್ಮ ಬಸ್ ಒಂದಕ್ಕ.'

ಮಾಸ್ತರ್ ಬೆರಳ ಮಡಚಿ ಮಡಚಿ ಲೆಕ್ಕ ಹಾಕಿದ್ರು. 'ಬರೋಬ್ಬರಿ ಅದ' ಅಂದ್ರು, ಮೆಲ್ಲಗ.

ಸ್ಟೇಜಿನ ತುದೀಗಿದ್ದ ಹಿರಿಯರಿಗೆ ಖುಷಿ ಉಕ್ಕಿ ಬಂತು. 'ಏನ್ ಶಾಣ್ಯಾಕಿ ಇದ್ದಾಳ್ರಿ! ಈಕಿಗೂ ಶಾಲು ಹೊದಿಸ್ರಿ!'

'ಬ್ಯಾಡ್ರಿ' ಅಂದ್ಲು ಹುಡುಗಿ. 'ಹತ್ತು ಮಂದಿ ಆದ್ರ ತೊಂಬತ್ತು ಸಲ ಆಗ್ತದ.'

ಮಾಸ್ತರ್ ನನ್ನ ಮಾರಿ ನೋಡಿದ್ರು. ನಾ ಗಡಿಯಾರ ನೋಡಿದೆ. 'ಬರ್ರಿ ಎಲ್ಲಾರೂ, ಹೊರಗ ಚಾ ಕುಡಿಯೂಣು' ಅಂತ ಮಾಸ್ತರ್ ಎಂಟೂ ಮಂದಿನ ಎಬ್ಬಿಸಿ ಮುಂದ ಹಾಕ್ಕೊಂಡು, ತಾವು ಕಡೀಕ ಹೊರಗ ಹೋಗಿ ಬಾಗಲ ಎಳ್ಕೊಂಡ್ರು. ಹೆಗಲ ಮ್ಯಾಲಿನ ಶಾಲಿನ ತುದಿ ಬಾಗಲದಾಗ ಸಿಕ್ಕಿ ಒಳಗೇ ಉಳೀತು. ನಾ ಲಗೂನ ಪೇಪರ್ ಹಂಚಿದೆ. ಹೊರಗಿಂದ ಮಾಸ್ತರ್ ಎರಡು ಸಲ ಜಗ್ಗಿದ್ರು. ಒಳಗ ಯಾರೂ ತಲಿ ಎತ್ತಲಿಲ್ಲ, ಮೊದಲನೇ ಪ್ರಶ್ನೆ ಬರಿಯಾಕತ್ತಿದ್ರು.