ಮಗು ಮಲಗಿದ ಮೇಲಿನ ಹಾಡು

ಹೊಳೆನರಸೀಪುರದಲ್ಲಿ ನಮ್ಮ ದೊಡ್ಡಪ್ಪನಷ್ಟು ಸಿನಿಮಾ ನೋಡಿದವರು ಯಾರೂ ಇರಲಿಲ್ಲ. ಅವರಷ್ಟು ಬೈದುಕೊಂಡು ನೋಡಿದವರಂತೂ ಇಡೀ ಮೈಸೂರು ಸೀಮೆಯಲ್ಲೇ ಇರಲಾರರು!

ಟಾಕಿ ಬಂದ ಹೊಸತು. ಕಥೆ ಹಿಡಿಯಷ್ಟಾದರೆ ಹಾಡು ಹೊರೆಯಷ್ಟು. ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿದ್ದ ದೊಡ್ಡಪ್ಪ ಪ್ರತಿ ಹಾಡನ್ನೂ ಕಟಕಟೆ ಹತ್ತಿಸುತ್ತಿದ್ದರು: ಇದು ಕಥೆಗೆ ಬೇಕಿತ್ತೇ? ಒಂದು ಚಿತ್ರದಲ್ಲಿ ರಾಜನಿಗೆ ಹಾವು ಕಚ್ಚುತ್ತದೆ. ರಾಣಿ ವೈದ್ಯನಿಗೆ ಹೇಳಿಕಳಿಸುವುದು ಬಿಟ್ಟು ಆಲಾಪನೆ ಶುರುಮಾಡುತ್ತಾಳೆ. ಪಲ್ಲವಿ ಮುಗಿಯುವವರೆಗೆ ವಿಷ ಕಾದಿರುತ್ತದೆಯೇ? ಆಮೇಲೆ ಕಾಡಿನಲ್ಲಿ ಜೋಗುಳ. ಮೊದಲ ಚರಣಕ್ಕೇ ಮಗು ನಿದ್ದೆಹೋದರೂ ರಾಣಿ ನಿಲ್ಲಿಸುವುದಿಲ್ಲ. ದೊಡ್ಡಪ್ಪ ಟೆಂಟಿನಲ್ಲಿ ಎದ್ದು ನಿಂತೇಬಿಟ್ಟರು.

"ಮಗು ಆಗ್ಲೇ ಮಲಗಿಬಿಡ್ತು. ಇನ್ನು ಹಾಡು ಯಾರಿಗೆ?"

ಮುಂದೆ ಮರಳಿನ ಮೇಲೆ ಕೂತಿದ್ದ ಹಳ್ಳಿಮೈಸೂರಿನ ರೈತರೊಬ್ಬರು ತಿರುಗಿ, "ಕೂತ್ಕಳಿ ಸಾ. ಕಥೆ ನಮ್ಗೂ ಗೊತ್ತದೆ. ಪದ ಕೇಳಕ್ಕೇ ಗಾಡಿ ಕಟ್ಕಂಡ್ ಬಂದಿರಾದು" ಎಂದರು.

ಈ ತೀರ್ಪು ದೊಡ್ಡಪ್ಪನಿಗೆ ಒಪ್ಪಿಗೆಯಾಗಲಿಲ್ಲ; ಮೇಲ್ಮನವಿ ಹೂಡಿದರು! ಅಂದರೆ, ಟೆಂಟು ಅರಕಲಗೂಡಿಗೆ ಹೋದಾಗ ಅಲ್ಲಿಗೂ, ಹಾಸನಕ್ಕೆ ಹೋದಾಗ ಅಲ್ಲಿಗೂ ಅದೇ ಚಿತ್ರದ ಬೆನ್ನುಹತ್ತಿದರು. ಬುತ್ತಿ ಕಟ್ಟಿಕೊಡಲು ದೊಡ್ಡಮ್ಮ, ದೊಡ್ಡಮ್ಮನ ಜೊತೆಗೆ ನಾನು.

ದೊಡ್ಡಮ್ಮನ ತವರು ಚನ್ನರಾಯಪಟ್ಟಣ. ಅಲ್ಲಿ ಮದುವೆಮನೆಯವರು ಹಸೆಹಾಡಿಗೆ ಇವರೇ ಬೇಕೆಂದು ಬಂದು ಕರೆದೊಯ್ಯುತ್ತಿದ್ದರಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಮೊಸರು ಕಡೆಯುತ್ತಾ ಒಂದು ಹಾಡು ತೆಗೆದಿದ್ದಾರೆ. ಹಾಡಿಗೂ ಮಜ್ಜಿಗೆಗೂ ಏನು ಸಂಬಂಧ ಎಂದು ಪಡಸಾಲೆಯಿಂದ ದೊಡ್ಡಪ್ಪನ ಪ್ರಶ್ನೆ ಬಂದಿದೆ. ಅಂದು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಅಂಥ ಕಂಠ ಒಲೆಯ ಮುಂದೆ ಸುಮ್ಮನೆ ಕೂತಿದೆಯಲ್ಲಾ ಎಂದು ನನಗೆ ಸಂಕಟವಾಗುತ್ತಿತ್ತು.

ಹಾಸನದ ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರಾದ ನಾವು ಇನ್ನೊಂದು ಕಡೆ, ನಡುವೆ ಬಿದಿರಿನ ತಡಿಕೆ. ಸರಿಯಾಗಿ ಜೋಗುಳದ ಹೊತ್ತಿಗೆ ಯಂತ್ರದ ದನಿ ನಿಂತುಹೋಯಿತು. ರಾಣಿಯ ಬಾಯಿ ಆಡುತ್ತಿದೆ, ಸ್ವರವೇ ಇಲ್ಲ! ಶಿಳ್ಳೆಯೋ ಶಿಳ್ಳೆ. ಅಷ್ಟರಲ್ಲಿ ನನ್ನ ಪಕ್ಕದಿಂದಲೇ ಹಾಡು ಬಂತು. ಊರೂರು ತಿರುಗಿ ದೊಡ್ಡಪ್ಪ ತಪ್ಪು ಹುಡುಕುತ್ತಿದ್ದಾಗ ದೊಡ್ಡಮ್ಮ ಸದ್ದಿಲ್ಲದೆ ಹಾಡು ಕಲಿತಿದ್ದರು. ಮೊದಲು ಅಂಜಿಕೆಯ ದನಿ, ಎರಡನೆಯ ಚರಣಕ್ಕೆ ತುಂಬುಗಂಠ. ಪರದೆಯ ಮೇಲೆ ಮಗು ಆಗಲೇ ಮಲಗಿತ್ತು; ದೊಡ್ಡಮ್ಮ ನಿಲ್ಲಿಸಲಿಲ್ಲ.

ಹಾಡು ಮುಗಿದದ್ದೇ, ಕಂಪನಿ ನಾಟಕದಲ್ಲಿ ಕೂಗುವ ಹಾಗೆ ಗಂಡಸರ ಕಡೆಯಿಂದ "ಒನ್ಸ್ ಮೋರ್!" ಕೇಳಿತು. ಸಿನಿಮಾಕ್ಕೆ ಯಾರಾದರೂ ಒನ್ಸ್ ಮೋರ್ ಹೇಳುತ್ತಾರೆಯೇ? ನಮ್ಮ ಶಿರಸ್ತೇದಾರರು ಹೇಳಿದ್ದರು! ಇಡೀ ಟೆಂಟು ದನಿಗೂಡಿಸಿತು. ಯಂತ್ರದವನು ನಿಜವಾಗಿಯೂ ರೀಲು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಈ ಸಲ ದೊಡ್ಡಮ್ಮ ಎದ್ದು ನಿಂತು ಹಾಡಿದರು.

ಹೊರಗೆ ಬಂದಾಗ ದೊಡ್ಡಪ್ಪ ಎಂದೂ ಮುಟ್ಟದ ಬುತ್ತಿಯ ಗಂಟನ್ನು ತಾವೇ ಹಿಡಿದುಕೊಂಡರು. ನಾನು ಬಿಡುತ್ತೇನೆಯೇ? ಮಗು ಆಗಲೇ ಮಲಗಿತ್ತಲ್ಲ ದೊಡ್ಡಪ್ಪ, ಇನ್ನು ಹಾಡು ಯಾರಿಗೆ ಎಂದೆ.

ದೊಡ್ಡಮ್ಮ ಜೊತೆಗೂಡುವವರೆಗೆ ಅವರು ನಿಂತು ಕಾದರು. ಆಮೇಲೆ ಆಕೆಗೂ ಕೇಳುವಂತೆ ಹೇಳಿದರು:

"ನಂಗೆ ಕಣಮ್ಮ."