ಪಂಪಿನ ಮನೆಯ ಬೆಳ್ಳಿ

ಹೊಳೆಯದ ಲೋಹವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಉಜ್ಜುವ ಚಟ. ಬಹಳ ವರ್ಷ ಇದನ್ನು ಸದ್ಗುಣವೆಂದೇ ನಂಬಿದ್ದೆ. ನಮ್ಮ ದೊಡ್ಡಪ್ಪ ಮೇಷ್ಟರಾಗಿದ್ದಾಗ ಅವರಿಗೆ ಯಾವುದೋ ಸಮಾರಂಭದಲ್ಲಿ ಒಂದು ಬೆಳ್ಳಿ ಪದಕ ಕೊಟ್ಟಿದ್ದರು. ಒಂದು ಬೇಸಿಗೆ ರಜೆಯಲ್ಲಿ ನಾನು ಅದನ್ನು ಎಷ್ಟು ಶ್ರದ್ಧೆಯಿಂದ ಬೆಳಗಿದೆನೆಂದರೆ ಅದರ ಮೇಲಿದ್ದ ದೊಡ್ಡಪ್ಪನ ಹೆಸರೇ ಅಳಿಸಿಹೋಯಿತು. ಆಮೇಲೆ ಪಾಪ, ಅವರು ಯಾರಿಗೆ ತೋರಿಸಿದರೂ ನೋಡಿದವರು "ತುಂಬ ಚೆನ್ನಾಗಿದೆ, ಯಾರದು?" ಎಂದು ಕೇಳುತ್ತಿದ್ದರು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಾನು ಟೌನ್ ಪಂಚಾಯಿತಿಯಲ್ಲಿ ಗುಮಾಸ್ತನಾದೆ.

ಊರಿನ ಹೆಸರು ಹೇಳುವುದಿಲ್ಲ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸು ಆಗ ಕಾಫಿಗೆಂದು ನಿಲ್ಲುತ್ತಿದ್ದ ಊರು ಎಂದರೆ ಸಾಕು. ಅದಕ್ಕಿಂತ ಹೆಚ್ಚು ಗುರುತು ಕೊಟ್ಟರೆ, ಅಂದು ನನ್ನನ್ನು ಬೈದವರು ಯಾರಾದರೂ ಹುಡುಕಿಕೊಂಡು ಬಂದು ಉಳಿದದ್ದನ್ನೂ ಬೈದು ಹೋದಾರು. ಊರಿಗೆ ಕರೆಂಟು ಬಂದು ಎರಡು ವರ್ಷವಾಗಿತ್ತು. ಹೊಳೆಯ ದಡದಲ್ಲಿ ಪಂಪಿನ ಮನೆ, ಸಂತೆ ಮೈದಾನದ ಪಕ್ಕದಲ್ಲಿ ಎತ್ತರದ ಟ್ಯಾಂಕು, ಬೀದಿಗೊಂದು ನಲ್ಲಿ ಎಲ್ಲ ಆಗಿ, ಹೆಂಗಸರು ಸೇದುವ ಹಗ್ಗವನ್ನು ಅಟ್ಟಕ್ಕೆ ಎಸೆದಿದ್ದರು. ಪಂಪಿನ ಮನೆಯ ಮೇಲ್ವಿಚಾರಣೆಗೆ ವಿಜ್ಞಾನ ಬಲ್ಲವರು ಬೇಕೆಂದು ಅಧ್ಯಕ್ಷರು ಹುಡುಕಿದರು. ನಾನು ಇಂಟರ್ಮೀಡಿಯೆಟ್ಟಿನಲ್ಲಿ ವಿಜ್ಞಾನ ತೆಗೆದುಕೊಂಡು ಎರಡು ಸಲ ಫೇಲಾಗಿದ್ದೆ. ಕಚೇರಿಯಲ್ಲಿ ಉಳಿದವರು ಯಾರೂ ಫೇಲಾಗುವಷ್ಟು ಕೂಡ ಅದನ್ನು ಓದಿರಲಿಲ್ಲವಾದ್ದರಿಂದ ಆ ಅಧಿಕಾರ ನನಗೇ ಬಂತು.

ಪಂಪು ನಡೆಸುತ್ತಿದ್ದವನು ರಂಗಯ್ಯ. ದುದ್ದದ ಕಡೆಯವನು. ಹಾಸನದಲ್ಲಿ ವಿದ್ಯುತ್ ಕಂಬ ನೆಡುವ ಕೂಲಿಗೆ ಸೇರಿ, ನೋಡಿ ನೋಡಿಯೇ ಕೆಲಸ ಕಲಿತಿದ್ದ. ಮೋಟಾರಿನ ಸದ್ದು ಕೇಳಿಯೇ ಅದಕ್ಕೆ ಎಲ್ಲಿ ನೋವೆಂದು ಹೇಳುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ಅವನನ್ನು ನಾನು 'ಲೋ' ಎನ್ನುತ್ತಿದ್ದೆ, ನನ್ನನ್ನು ಅವನು 'ಸಾ' ಎನ್ನುತ್ತಿದ್ದ. ಎರಡು ಸಲ ಫೇಲಾದದ್ದಕ್ಕೆ ನನಗೆ ಸಿಕ್ಕ ಲಾಭ ಅಷ್ಟು.

ಮೊದಲ ದಿನವೇ ಅವನು ಗೋಡೆಯ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯನ್ನು ತೆರೆದು ತೋರಿಸಿದ. ಅದಕ್ಕೆ ಸ್ಟಾರ್ಟರು ಎಂದು ಹೆಸರು. ಹಸಿರು ಗುಂಡಿ ಒತ್ತಿದರೆ ಒಳಗೆ ಸಾಲಿಗೆ ಮೂರರಂತೆ ಇರುವ ಎರಡು ಸಾಲು ತಾಮ್ರದ ತುಂಡುಗಳು ಟಪ್ಪನೆ ಒಂದನ್ನೊಂದು ಮುಟ್ಟಿ ಪಂಪು ಹೊರಡುತ್ತದೆ. ಕೆಂಪು ಗುಂಡಿ ಒತ್ತಿದರೆ ದೂರವಾಗಿ ಪಂಪು ನಿಲ್ಲುತ್ತದೆ. ಮುಟ್ಟುವ ಆ ತುದಿಗಳಿಗೆ ಕಾಂಟ್ಯಾಕ್ಟು ಎನ್ನುತ್ತಾರೆ. "ಈ ತುದಿ ಐತಲ್ಲ ಸಾ, ಅದು ಬೆಳ್ಳಿ ಕಣಿ" ಎಂದ ರಂಗಯ್ಯ. ನಾನು ಬಗ್ಗಿ ನೋಡಿದೆ. ಬೆಳ್ಳಿ! ಅದೂ ಮಸಿಯಂತೆ ಕಪ್ಪಗೆ! ನನ್ನ ಕೈ ಆಗಲೇ ತುರಿಸತೊಡಗಿತ್ತು.

"ಇದೇನೋ ಇಷ್ಟು ಕೊಳಕು ಮಾಡಿ ಇಟ್ಟಿದ್ದೀಯ?" ಎಂದೆ.

"ಕೊಳಕಲ್ಲ ಸಾ. ಅದು ಇರಾದೇ ಅಂಗೆ. ಕಪ್ಪಗಿದ್ರೂ ಅದ್ರ ಕೆಲ್ಸ ಅದು ಮಾಡ್ತದೆ. ಬುಡಿ, ಮುಟ್ಬೇಡಿ."

ಕೆಳಗಿನವನು 'ಮುಟ್ಟಬೇಡಿ' ಎಂದರೆ ಮೇಲಿನವನು ಮುಟ್ಟದೆ ಇರುತ್ತಾನೆಯೆ? ಮುಂದಿನ ಶುಕ್ರವಾರ ರಂಗಯ್ಯನ ಕೈಲಿ ಮೇನ್ ಸ್ವಿಚ್ಚು ಎಳೆಸಿ, ಮನೆಯಿಂದ ತಂದಿದ್ದ ವಿಭೂತಿಯಿಂದ ಆರೂ ತುದಿಗಳನ್ನು ಬೆಳಗಿದೆ. ದೇವರ ಮನೆಯ ಬೆಳ್ಳಿಗೆ ಶುಕ್ರವಾರವಿದ್ದ ಮೇಲೆ ಸರ್ಕಾರದ ಬೆಳ್ಳಿಗೂ ಇರಲಿ ಎಂದುಕೊಂಡೆ. ವಾರದೊಳಗೆ ಅವು ಮತ್ತೆ ಕಪ್ಪಾದವು. ನಾನು ಬಿಡುವವನೆ? ವಿಭೂತಿಯಿಂದ ಹಲ್ಲುಪುಡಿಗೆ ಬಂದೆ, ಹಲ್ಲುಪುಡಿಯಿಂದ ಎಮರಿ ಪೇಪರಿಗೆ ಬಂದೆ, ಕೊನೆಗೆ ಒಂದು ಸಣ್ಣ ಅರವನ್ನೇ ಕೊಂಡು ತಂದೆ. ಅಧ್ಯಕ್ಷರು ಒಮ್ಮೆ ಬಂದು ನೋಡಿ "ಆಹಾ, ಕನ್ನಡಿ ಥರ ಇಟ್ಟಿದ್ದೀರಿ!" ಎಂದು ಬೆನ್ನು ತಟ್ಟಿದರು. ರಂಗಯ್ಯ ಮಾತ್ರ ಪ್ರತಿ ಶುಕ್ರವಾರವೂ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಸಾವಿನ ಮನೆಯಲ್ಲಿ ಕೂತವನ ಹಾಗೆ ನನ್ನನ್ನು ನೋಡುತ್ತಿದ್ದ.

ಎಂಟು ತಿಂಗಳಾಗಿರಬೇಕು. ಒಂದು ಸೋಮವಾರ ಬೆಳಿಗ್ಗೆ ಹಸಿರು ಗುಂಡಿ ಒತ್ತಿದರೆ ಪಂಪು ಹೊರಡಲಿಲ್ಲ. ಸ್ಟಾರ್ಟರಿನೊಳಗಿಂದ 'ಜುಂ' ಎಂಬ ನಾದ ಮಾತ್ರ ಬರುತ್ತಿತ್ತು. ಸಂಗೀತಗಾರರ ಊರಾದ ರುದ್ರಪಟ್ಟಣದವರು ಯಾರಾದರೂ ಅಲ್ಲಿದ್ದಿದ್ದರೆ ಅದಕ್ಕೇ ಶ್ರುತಿ ಸೇರಿಸಿಕೊಂಡು ಹಾಡುತ್ತಿದ್ದರು. ಬಿಚ್ಚಿ ನೋಡಿದರೆ ಬೆಳ್ಳಿ ತುದಿಗಳು ಮುಕ್ಕಾಲು ಪಾಲು ಇರಲಿಲ್ಲ. ಎಲ್ಲಿ ಹೋದವೆಂದು ನನಗೂ ಗೊತ್ತಿತ್ತು, ರಂಗಯ್ಯನಿಗೂ ಗೊತ್ತಿತ್ತು. ನನ್ನ ಅರಕ್ಕಂತೂ ಚೆನ್ನಾಗಿಯೇ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಮುಂದೆ ಖಾಲಿ ಕೊಡಗಳು ಸೇರಿದವು. ಅಧ್ಯಕ್ಷರು "ಯಾರ ತಪ್ಪು?" ಎಂದರು. ನನ್ನ ನಾಲಿಗೆ ನನಗಿಂತ ಮುಂಚೆ ಉತ್ತರ ಕೊಟ್ಟಿತು: "ಪಂಪು ನಡೆಸುವವನದು ಸಾರ್." "ಹಾಗಾದರೆ ಬರೀರಿ ಮೆಮೊ" ಎಂದರು. ಬರೆದೆ. 'ಸದರಿ ಪಂಪು ಚಾಲಕನ ಅಲಕ್ಷ್ಯ ಹಾಗೂ ಬೇಜವಾಬ್ದಾರಿಯಿಂದ ಕಾಂಟ್ಯಾಕ್ಟುಗಳು ಸವೆದು ಸಾರ್ವಜನಿಕರಿಗೆ ತೊಂದರೆಯುಂಟಾಗಿರುವ ಕಾರಣ, ಆತನನ್ನು ಕೆಲಸದಿಂದ ಏಕೆ ವಜಾ ಮಾಡಬಾರದೆಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು.' ನಿಜ ಹೇಳುತ್ತೇನೆ, ಬರೆದು ಮುಗಿಸಿದಾಗ ಶೈಲಿ ಚೆನ್ನಾಗಿ ಬಂತೆಂದು ಸಂತೋಷವೇ ಆಯಿತು. ಅದನ್ನು ರಂಗಯ್ಯನಿಗೆ ಓದಿ ಹೇಳುವಾಗ ಮಾತ್ರ ಕಾಗದದಿಂದ ತಲೆ ಎತ್ತಲಿಲ್ಲ.

"ವಜಾ ಅಂದ್ರೆ ತೆಗ್ದಾಕಾದಾ ಸಾ?" ಎಂದು ಕೇಳಿದ.

"ಇನ್ನೂ ತೆಗೆದಿಲ್ಲ. ಕೇಳಿದ್ದಾರೆ ಅಷ್ಟೇ."

"ಮನೇಲಿ ಏಳು ಜನ ಉಣ್ಣೋರವ್ರೆ ಸಾ" ಎಂದ. ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ನನಗೆ ನಾಚಿಕೆಯಾಯಿತು. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು.

ಹೊಸ ಕಾಂಟ್ಯಾಕ್ಟು ಬೇಕೆಂದು ಹಾಸನಕ್ಕೆ ಬರೆದರೆ ಹಳೆಯದು ಏನಾಯಿತೆಂದು ಕೇಳುತ್ತಾರೆ. ಆದ್ದರಿಂದ ಹೊಳೆನರಸೀಪುರದ ಅಕ್ಕಸಾಲಿ ಆಚಾರಿಯ ಬಳಿ ಮಾಡಿಸಿಬಿಡೋಣ ಎಂದು ಯೋಚಿಸಿದೆ. ಬೆಳ್ಳಿಗೆ, ಅರಕಲಗೂಡಿನ ನಮ್ಮ ಮಾವ ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಉದ್ಧರಣೆ ಚಮಚವಿತ್ತು. ತವರಿನ ವಸ್ತು, ನನ್ನ ಹೆಂಡತಿ ಶಾರದೆ ರಂಪ ಮಾಡುತ್ತಾಳೆಂದು ಹೆದರುತ್ತಲೇ ಕೇಳಿದೆ. ಅವಳು ಭಾವಿಯಿಂದ ಹೊತ್ತು ತಂದ ಆರನೆಯ ಕೊಡವನ್ನು ಇಳಿಸುತ್ತಿದ್ದಳು. "ಅದನ್ನ ಉಜ್ಜೋದು ಬಿಟ್ಟು ನೀವು ಒಂದು ದಿನ ಸಂಧ್ಯಾವಂದನೆ ಮಾಡಿದ್ದು ನಾನಂತೂ ಕಾಣೆ. ತಗೊಂಡ್ಹೋಗಿ. ನಂಗೆ ನೀರು ಬೇಕು" ಎಂದಳು.

ಅಕ್ಕಸಾಲಿಗಳ ವಿಷಯದಲ್ಲಿ ನಾನು ಬಹಳ ಎಚ್ಚರದವನು. ಆಚಾರಿಯ ಎದುರಿಗೇ ಮಣೆ ಹಾಕಿಸಿಕೊಂಡು ಕೂತೆ. "ಒಂದು ಗುಲಗಂಜಿ ತಾಮ್ರವೂ ಸೇರಕೂಡದು" ಎಂದೆ. ಆ ಮನುಷ್ಯ ಊದುಕೊಳವೆ ಕೆಳಗಿಟ್ಟು, "ಸ್ವಾಮಿ, ಬರೀ ಬೆಳ್ಳಿ ಮೆತ್ತಗಿರುತ್ತೆ. ಏಟು ತಿನ್ನೋ ಜಾಗಕ್ಕೆ ಒಂಚೂರು ಬೆರಕೆ ಇದ್ರೇನೇ ತಡಕೊಳ್ಳೋದು" ಎಂದ. 'ನಿಮ್ಮ ಬೆರಕೆಯ ವಿಷಯ ನನಗೆ ಗೊತ್ತಿಲ್ಲವೆ' ಎಂಬಂತೆ ನಕ್ಕೆ. ಅವನೂ ನಕ್ಕ, ಆದರೆ ನನ್ನನ್ನು ನೋಡಿ. ಸಂಜೆಯವರೆಗೆ ಕಣ್ಣು ಪಿಳುಕಿಸದೆ ಕಾವಲು ಕೂತು, ಹಾಲಿನಂಥ ಚೊಕ್ಕ ಬೆಳ್ಳಿಯ ಆರು ತುದಿಗಳನ್ನು ತಾಮ್ರದ ತುಂಡುಗಳ ಮೇಲೆ ಬೆಸೆಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಹಸಿರು ಗುಂಡಿಯನ್ನು ನಾನೇ ಒತ್ತಿದೆ. ಪಂಪು ಹೊರಟಿತು. ಊರಿಗೆ ನೀರು ಬಂತು. ಅಧ್ಯಕ್ಷರು ಪಂಪಿನ ಮನೆಗೇ ಬಂದು ಕೈ ಕುಲುಕಿದರು. ಟ್ಯಾಂಕು ತುಂಬಿದ ಸುದ್ದಿ ಬಂದಾಗ ಕೆಂಪು ಗುಂಡಿ ಒತ್ತಿದೆ. ಪಂಪು ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಗುದ್ದಿದೆ, ಬೇಡಿಕೊಂಡೆ. ಕಿಡಿಯ ಕಾವಿಗೆ ನನ್ನ ಚೊಕ್ಕ ಬೆಳ್ಳಿ ಕರಗಿ, ಎರಡು ಸಾಲೂ ಒಂದನ್ನೊಂದು ಅಪ್ಪಿಕೊಂಡುಬಿಟ್ಟಿದ್ದವು.

"ಮೇನು ಎಳೀತೀನಿ ಸಾ" ಎಂದ ರಂಗಯ್ಯ.

"ಮುಟ್ಟಬೇಡ! ನಿನಗೆ ಮೆಮೊ ಕೊಟ್ಟಿದೆ!" ಎಂದು ಕೂಗಿದೆ.

ಅಂದು ಸಂತೆಯ ದಿನ. ಟ್ಯಾಂಕು ಉಕ್ಕಿ, ಕೆಳಗೆ ಕೂತಿದ್ದ ಮೆಣಸಿನಕಾಯಿ, ಬೆಲ್ಲ, ಹೊಗೆಸೊಪ್ಪಿನವರ ಮೇಲೆ ಸುರಿಯತೊಡಗಿತು. ಅಲ್ಲಿಂದ ಓಡಿ ಬಂದವರು ನನ್ನ ವಂಶವನ್ನು ಹೊಗಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ರಂಗಯ್ಯ ನನ್ನನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ ಇನ್ನೊಂದು ಕೈಯಲ್ಲಿ ಮೇನ್ ಸ್ವಿಚ್ಚು ಎಳೆದ. ಪಂಪು ನಿಂತಿತು.

ಅಧ್ಯಕ್ಷರು ಫೋನು ಮಾಡಿಸಿದ್ದರಿಂದ ಮಾರನೆಯ ದಿನ ಹಾಸನದಿಂದ ಇಂಜಿನಿಯರು ಹೊಸ ಕಾಂಟ್ಯಾಕ್ಟುಗಳನ್ನು ತಂದರು. ನನ್ನ ಉದ್ಧರಣೆಯ ಮುದ್ದೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಚೊಕ್ಕ ಬೆಳ್ಳಿ ಹಾಕಿದವರು ಯಾರ್ರೀ? ಅದು ಹಿಡಿದರೆ ಬಿಡೋದಿಲ್ಲ. ಅದಕ್ಕೇ ಫ್ಯಾಕ್ಟರಿಯವರು ಬೇಕೂಂತಲೇ ಬೇರೆ ಲೋಹದ ಪುಡಿ ಬೆರೆಸಿರ್ತಾರೆ" ಎಂದರು. ಸವೆದ ಹಳೆಯ ತುದಿಗಳನ್ನು ನೋಡಿ, "ಇದಕ್ಕೆ ಅರ ಹಾಕಿದ್ದಾರೆ. ಬೆಳ್ಳಿ ಕಪ್ಪಾದರೆ ಕರೆಂಟಿಗೇನೂ ಅಡ್ಡಿಯಿಲ್ಲ. ಯಾರು ಉಜ್ಜಿದ್ದು?" ಎಂದು ಕೇಳಿದರು. ನಾನು ಹೊಳೆಯ ಕಡೆ ನೋಡಿದೆ.

"ಇವ್ರೇ ಸಾ, ಸುಕ್ರವಾರ ಸುಕ್ರವಾರ" ಎಂದ ರಂಗಯ್ಯ.

ಇಂಜಿನಿಯರು ಮುಸಿಮುಸಿ ನಕ್ಕರು. ಅಧ್ಯಕ್ಷರಿಗೆ ತಾವು ಬೆನ್ನು ತಟ್ಟಿದ್ದು ನೆನಪಾಗಿರಬೇಕು, ಅವರು ನಗಲಿಲ್ಲ. "ಆಯ್ತು, ಪುಸ್ತಕದಲ್ಲಿ ಏನೋ ಒಂದು ಕಾರಣ ಬರೆದು ಮುಗಿಸ್ರಿ" ಎಂದರು. ಪಂಪಿನ ಮನೆಯ ದಾಖಲೆ ಪುಸ್ತಕ ತೆಗೆದು ಬರೆದೆ: 'ಬಿಡಿಭಾಗಗಳ ಸ್ವಾಭಾವಿಕ ಸವೆತದಿಂದ ಸ್ಟಾರ್ಟರು ಕೆಟ್ಟಿದ್ದು, ಸರಿಪಡಿಸಲಾಗಿದೆ.' ಅಧ್ಯಕ್ಷರು ಸಹಿ ಹಾಕಿ, ಇಂಜಿನಿಯರನ್ನು ಕಾಫಿಗೆಂದು ಹೊರಗೆ ಕರೆದುಕೊಂಡು ಹೋದರು. ಬದುಕಿದೆ ಎಂದು ಮಸಿಯ ಕುಡಿಕೆಗೆ ಮುಚ್ಚಳ ಹಾಕುತ್ತಿದ್ದೆ.

"ಏನ್ ಬರುದ್ರಿ ಸಾ? ವಸಿ ಓದಿ" ಎಂದ ರಂಗಯ್ಯ.

ಓದಿದೆ.

"ಸ್ವಾಬಾವಿಕ ಅಂದ್ರೆ?"

"ತಾನಾಗಿಯೇ ಅಂತ."

"ಯಾರೂ ಏನೂ ಮಾಡ್ದಂಗೇನೇಯಾ?"

"ಹೂಂ" ಎಂದೆ.

ಅವನು ಜೇಬಿನಿಂದ ಮೆಮೊ ತೆಗೆದು, ಮಡಿಕೆಗಳನ್ನು ನಿಧಾನವಾಗಿ ಬಿಡಿಸಿ, ನನ್ನ ಮುಂದೆ ಇಟ್ಟ. ಮಸಿಯ ಕುಡಿಕೆಯ ಮುಚ್ಚಳವನ್ನೂ ಅವನೇ ತೆಗೆದ.

"ಅಂಗಾರೆ ಇದ್ರಲ್ಲೂ ತಾನಾಗೇ ಸವೀತು ಅಂತ ಬರ್ದ್ಬುಡಿ ಸಾ. ಅವ್ರು ಕಾಪಿ ಕುಡ್ದು ಬರಾಗಂಟ ನಾನು ಕಾಯ್ತೀನಿ, ಸಯಿ ಆಕುಸ್ಕೊಡೀರಂತೆ."

ಬರೆದೆ. ನನ್ನ ಮೂವತ್ತು ವರ್ಷದ ಗುಮಾಸ್ತಗಿರಿಯಲ್ಲಿ ಇನ್ನೊಬ್ಬರು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆದುಕೊಂಡದ್ದು ಅದೊಂದೇ ಸಲ.