ಮೂರು ಗಂಟೆ ನೀರಿಗಿಳಿಯಬಾರದು

"ಕಾಲು ಕಟ್ಟಿದೀನಿ, ಏನೂ ಮಾಡಲ್ಲ," ಎನ್ನುತ್ತ ಪಕ್ಕದ ಮನೆಯ ದೋನ್ ಗಾಸ್ಪರ್ ಕಾರಿನ ಕಿಟಕಿಯಿಂದ ಜೀವಂತ ಟರ್ಕಿ ಕೋಳಿಯೊಂದನ್ನು ಎರ್ಮಿಲೊನ ತೊಡೆಯ ಮೇಲೆ ಇಳಿಸಿದ. "ದಾರೀಲೇ ನನ್ ತಂಗಿ ಮನೆ. ಕೊಟ್ಬಿಟ್ಟು ಹೋದ್ರಾಯ್ತು. ಐದೇ ನಿಮಿಷ."

"ಎಂಟು ಗಂಟೆಗೆ ಪಿರಮಿಡ್ ಹತ್ರ ಇರ್ಬೇಕು, ದೋನ್ ಗಾಸ್ಪರ್."

"ಸಾವಿರ ವರ್ಷದಿಂದ ಅಲ್ಲೇ ಇದೆಯಲ್ಲಪ್ಪ, ಇವತ್ತು ಎದ್ದು ಹೋಗತ್ತಾ?"

ಕಚೇರಿಯ ಗುಮಾಸ್ತ ಅರ್ಜಿ ತಂದವನನ್ನು ನೋಡುವ ಹಾಗೆ ಟರ್ಕಿ ಎರ್ಮಿಲೊನನ್ನು ನೋಡಿತು. ಅವನು ಗೇರ್ ಹಾಕಿದ.

ಇಸಮಾಲ್ ಊರಿನ ಗೋಡೆಗಳಿಗೆಲ್ಲ ಹಳದಿ ಬಣ್ಣ ಬಳಿಯುವುದು ಎರ್ಮಿಲೊನ ಕೆಲಸ. ಭಾನುವಾರವೂ ಅವನ ಉಗುರು ಹಳದಿಯೇ. ಎಂಟು ವರ್ಷದ ಮಗಳು ಯಮಿಲಿಗೆ ನೀರಿನ ಮೇಲೆ ತೇಲುವುದನ್ನು ತಾನೇ ಕಲಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಎರಡು ವಾರ ಸಂಜೆಸಂಜೆ ಅವಳನ್ನು ಜೋಲಿಯಲ್ಲಿ ಅಂಗಾತ ಮಲಗಿಸಿ, ಬೆನ್ನ ಕೆಳಗೆ ಅಂಗೈ ಹಿಡಿದು, "ಕತ್ತು ಬಿಡು, ಹೊಟ್ಟೆ ಮೇಲಕ್ಕೆ, ನಾನಿದ್ದೀನಿ" ಎಂದು ಅಭ್ಯಾಸ ಮಾಡಿಸಿದ್ದ. ಇನ್ನು ನೀರೊಂದೇ ಬಾಕಿ. ಎಂಟಕ್ಕೆ ಪಿರಮಿಡ್, ಹತ್ತಕ್ಕೆ ಹಳೇ ಮಠ, ಹನ್ನೆರಡಕ್ಕೆ ಸೆನೊಟೆ ಎಂಬ ನೆಲಬಾವಿಯ ತಣ್ಣನೆ ನೀರು ಎಂದು ಬರೆದ ಚೀಟಿ ಸ್ಟಿಯರಿಂಗಿನ ಪಕ್ಕ ಅಂಟಿಕೊಂಡಿತ್ತು. ಸೆನೊಟೆಯ ಬಾಗಿಲು ಐದಕ್ಕೆ ಮುಚ್ಚುತ್ತಿತ್ತು.

ದೋನ್ ಗಾಸ್ಪರನ ತಂಗಿ ಟರ್ಕಿಯನ್ನು ಒಳಗೆ ಬಿಟ್ಟು, ಇವರನ್ನು ಹೊರಗೆ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ, ನೆಲದ ಕುಣಿಯಲ್ಲಿ ಬೇಯಿಸಿ ಆಗ ತಾನೇ ತೆಗೆದ ಹಂದಿ ಮಾಂಸ, ಬಿಸಿ ರೊಟ್ಟಿ. ಬೇಡ ಎಂದರೆ ಆ ಮನೆಗೆ ಉಗಿದ ಹಾಗೆ. ಎರ್ಮಿಲೊ, ಹೆಂಡತಿ, ಅವಳ ತಾಯಿ, ಮಗಳು ಎಲ್ಲರೂ ಉಣ್ಣಲು ಕೂತರು.

ಕಾರು ಹೊರಟ ಮೇಲೆ ಹಿಂದಿನ ಸೀಟಿನಿಂದ ಅತ್ತೆ ದೋನ್ಯಾ ಕಾಂದಿತಾ ಗಡಿಯಾರ ನೋಡಿದಳು. "ಎಂಟೂಕಾಲು. ಉಂಡ ಮೇಲೆ ಮೂರು ಗಂಟೆ ನೀರಿಗಿಳೀಬಾರ್ದು. ಹನ್ನೊಂದೂಕಾಲು."

"ಹನ್ನೆರಡಕ್ಕೆ ತಾನೇ ಇಳಿಯೋದು, ಅತ್ತೆ. ಪರವಾಗಿಲ್ಲ."

"ನನ್ ಚಿಕ್ಕಪ್ಪ ಕೂಡ ಹಾಗೇ ಅಂದ. ಬಾವಿಯಿಂದ ಎತ್ತಿದಾಗ ಬಾಯಲ್ಲಿನ್ನೂ ರೊಟ್ಟಿ ಇತ್ತು."

ಪಿರಮಿಡ್ ಕಾಯುವವನು ಎರ್ಮಿಲೊನ ಹೆಂಡತಿ ನಿದೆಲ್ವಿಯಾಳ ದಾಯಾದಿ ಅಣ್ಣನಾಗಿದ್ದ. "ಮನೆ ಇಲ್ಲೇ ಹಿಂದೆ, ಬರದೇ ಹೋದ್ರೆ ನನ್ ಹೆಂಡ್ತಿ ನನ್ನ ಮನೆಗೇ ಸೇರ್ಸಲ್ಲ," ಎಂದ. ಹೀಗಾಗಿ ಪೂರ್ವಿಕರ ಪಿರಮಿಡ್ಡನ್ನು ಅವರು ಕಂಡದ್ದು ಅಡುಗೆಮನೆಯ ಕಿಟಕಿಯಿಂದ, ಬಾಳೆ ಎಲೆಯಲ್ಲಿ ಬೇಯುತ್ತಿದ್ದ ಜೋಳದ ಕಡುಬು ತಮಾಲೆಯ ಹಬೆಯ ಆಚೆಗೆ.

"ಹನ್ನೊಂದು," ಎಂದಳು ಅತ್ತೆ. "ಅಂದ್ರೆ ಎರಡು ಗಂಟೆ ಹೊಡೆಯೋವರೆಗೆ ನೀರಿಲ್ಲ."

"ಅಪ್ಪಾ, ನೀರು ಯಾವಾಗ?" ಎಂದಳು ಯಮಿಲಿ.

"ಮಠ ನೋಡಿದ ತಕ್ಷಣ, ಚಿನ್ನ."

ಮಠದ ಅಂಗಳದಲ್ಲಿ ನಿದೆಲ್ವಿಯಾಳನ್ನು ಯಾರೋ ಹೆಸರು ಹಿಡಿದು ಕೂಗಿದರು. ಮದುವೆಯಲ್ಲಿ ಅವಳ ಮುಸುಕು ಹಿಡಿದಿದ್ದ ಗೆಳತಿ! ಮನೆ ಪಕ್ಕದಲ್ಲೇ, ಊಟಕ್ಕೆ ಬರಲೇಬೇಕು ಎಂದಳು.

"ರೀ, ಇಲ್ಲ ಅನ್ನೋಕಾಗತ್ತಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಹೊಟ್ಟೆ ಸರಿಯಿಲ್ಲ ಅಂತೀನಿ."

"ಅಂದ್ರೆ ಕಷಾಯ ಕೊಡ್ತಾಳೆ. ಆಮೇಲೆ ಊಟಾನೂ ಹಾಕ್ತಾಳೆ."

ಮೆಣಸಿನಕಾಯಿ ಸುಟ್ಟು ಮಾಡಿದ ಕಪ್ಪು ಸಾರು. ಎರ್ಮಿಲೊ ಎಷ್ಟು ಉಂಡರೂ ತಟ್ಟೆ ಬರಿದಾಗಲೊಲ್ಲದು. ಎದ್ದಾಗ ಎರಡೂಕಾಲು. ಲೆಕ್ಕಕ್ಕೆ ಅತ್ತೆ ಬೇಕಿರಲಿಲ್ಲ. ಐದೂಕಾಲು. ಬಾಗಿಲು ಐದಕ್ಕೆ.

ಅವನು ಕಾರು ಓಡಿಸಿದ. ಚಿಕ್ಕಪ್ಪ ಸತ್ತರೆ ಸತ್ತ, ಇವತ್ತು ಇಳಿದೇ ಇಳಿಯುತ್ತೇನೆ ಎಂದು ಹಲ್ಲು ಕಚ್ಚಿದ್ದ. ನಾಲ್ಕು ಗಂಟೆಗೆ ಸೆನೊಟೆ ಕಂಡಿತು. ನೆಲ ಬಾಯಿ ತೆರೆದು ಆಕಾಶವನ್ನು ನುಂಗಿ ಕೂತ ಹಾಗಿತ್ತು. ಎರ್ಮಿಲೊ ಮೆಟ್ಟಿಲ ಮೇಲೆ ನಿಂತು ಅಂಗಿ ಬಿಚ್ಚಿದ. ಹಿಂದಿನಿಂದ ಎರಡು ಕೈ ಅವನ ಸೊಂಟ ಹಿಡಿದವು.

"ವಿಧವೆ ಮಾಡ್ತೀರಾ ನನ್ನ?" ನಿದೆಲ್ವಿಯಾಳ ಕಣ್ಣಲ್ಲಿ ನಿಜವಾದ ನೀರು. "ಅಮ್ಮನ ಚಿಕ್ಕಪ್ಪ..."

ಅವನು ಕುಸಿದು ಕೂತ. ಮಗಳ ಮುಖ ನೋಡುವ ಧೈರ್ಯವಾಗದೆ ಕಾಲ ಬೆರಳು ನೋಡಿಕೊಂಡ.

ದುಡುಂ.

ತಲೆಯೆತ್ತಿದರೆ ಅತ್ತೆ ನೀರಲ್ಲಿದ್ದಳು. ಅರವತ್ತೆಂಟು ವರ್ಷದ ದೋನ್ಯಾ ಕಾಂದಿತಾ ಹೂವಿನ ನಿಲುವಂಗಿ ಸಮೇತ ಆಮೆಯಂತೆ ಮೇಲೆದ್ದು, ಮೊಮ್ಮಗಳಿಗೆ ಕೈ ಚಾಚಿದಳು. ಯಮಿಲಿ ಜಿಗಿದೇಬಿಟ್ಟಳು.

"ಅತ್ತೆ! ಮೂರು ಗಂಟೆ!"

"ಅದು ತಿಂದವರಿಗೆ, ಎರ್ಮಿಲೊ. ನಾನೆಲ್ಲಿ ತಿಂದೆ? ಮಗೂಗೂ ತಿನ್ಬೇಡ ಅಂತ ಬೆಳಿಗ್ಗೇನೇ ಕಿವೀಲಿ ಹೇಳಿದ್ದೆ."

"ಎಲ್ಲರ ಮನೇಲೂ ತಟ್ಟೆ ಖಾಲಿ ಮಾಡಿದ್ರಲ್ಲ!"

"ಸಾರು, ಮಾಂಸ ನಿಮ್ಮ ತಟ್ಟೆಗೆ. ತಮಾಲೆ, ರೊಟ್ಟಿ ನನ್ನ ಚೀಲಕ್ಕೆ. ಯಾರ ಮನಸ್ಸೂ ನೋಯಿಸಬಾರ್ದು ನೋಡಿ."

ಯಮಿಲಿ ಅಂಗಾತ ಮಲಗಿದ್ದಳು. ಅವಳ ಬೆನ್ನ ಕೆಳಗೆ ಅಜ್ಜಿಯ ಅಂಗೈ. "ಕತ್ತು ಬಿಡು, ಪುಟ್ಟಿ. ಹೊಟ್ಟೆ ಮೇಲಕ್ಕೆ. ನಾನಿದ್ದೀನಿ."

"ಅಪ್ಪಾ, ಜೋಲಿ ಥರಾನೇ ಇದೆ!"

ಎರ್ಮಿಲೊ ಒಂದು ಮೆಟ್ಟಿಲು ಕೆಳಗಿಳಿದು ನಿಂತ. ಹೊಟ್ಟೆಯಲ್ಲಿ ಮೂರು ಮನೆಯ ಊಟ ಕಲ್ಲಿನ ಹಾಗೆ ಕೂತಿತ್ತು. ಮೇಲೆ ಕಾವಲಿನವನು ಬೀಗದ ಕೈ ಗಲಗಲ ಅನ್ನಿಸಿದ. ನಾಲ್ಕೂವರೆ.

ಆಗ ಅವನ ತಲೆಯಲ್ಲೊಂದು ಮಿಂಚು ಹೊಳೆಯಿತು. ಅತ್ತೆ ಒಂದು ತುತ್ತು ತಿಂದರೆ ಸಾಕು, ತನ್ನ ಕಾನೂನಿಗೆ ತಾನೇ ಸಿಕ್ಕಿ ಮೇಲೆ ಬರಲೇಬೇಕು. ಮಗುವಿನ ಜೊತೆ ನೀರಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಆಗ ಅವನು ಇಳಿಯುವುದನ್ನು ನಿದೆಲ್ವಿಯಾ ಕೂಡ ತಡೆಯುವಂತಿಲ್ಲ.

ಅವನು ಅತ್ತೆಯ ಚೀಲ ಬಿಚ್ಚಿ, ಬಾಳೆ ಎಲೆ ಸುಲಿದು, ತಮಾಲೆಯನ್ನು ಹಳದಿ ಉಗುರುಗಳ ತುದಿಯಲ್ಲಿ ಹಿಡಿದು ಕೊನೆಯ ಮೆಟ್ಟಿಲಲ್ಲಿ ಮಂಡಿಯೂರಿದ. ಮದುವೆಗೆ ಹೆಣ್ಣು ಕೇಳುವಾಗಲೂ ಅವನು ಈ ಅತ್ತೆಯ ಮುಂದೆ ಹೀಗೆ ಕೂತಿರಲಿಲ್ಲ.

"ಅತ್ತೆ, ಬೆಳಿಗ್ಗೆಯಿಂದ ಬರೀ ಹೊಟ್ಟೇಲಿದೀರಿ. ನನಗೇ ಸಂಕಟ ಆಗ್ತಿದೆ. ಒಂದೇ ಒಂದು ತುತ್ತು."

ದೋನ್ಯಾ ಕಾಂದಿತಾ ತಮಾಲೆಯನ್ನು ನೋಡಿದಳು, ಅಳಿಯನನ್ನು ನೋಡಿದಳು, ಆಮೇಲೆ ತಾನೂ ಅಂಗಾತ ಮಲಗಿ ಮೊಮ್ಮಗಳ ಪಕ್ಕದಲ್ಲಿ ತೇಲಿದಳು.

"ಬೇಡ," ಎಂದಳು.